ಡೆನಿಮ್ ಜಾಕೆಟ್ ಮೇಲೆ ಬರೆದ ಅಲೆ ಒಂದೇ ಒಗೆತಕ್ಕೆ ಬಿರುಕು ಬಿಟ್ಟಿದೆ, ತೋಳೂ ಹರಿದಿದೆ. ಎಲ್ಲಿ ತಪ್ಪಿದೆ?

ಅರ್ಧತೋಳು:
ಹಳೇ ಬಟ್ಟೆ ಬಿಚ್ಚಿ ಹೊಸದು ಹೊಲಿಯಲು ಶುರು ಮಾಡಿ ಎಂಟು ತಿಂಗಳಾಯಿತು. ಬ್ಯಾಗು, ತೇಪೆ ಹಾಕಿದ ಪ್ಯಾಂಟು ಎಲ್ಲ ಚೆನ್ನಾಗಿಯೇ ಬಂದವು. ಆ ಧೈರ್ಯದ ಮೇಲೆ ಒಂದು ಹಳೇ ಡೆನಿಮ್ ಜಾಕೆಟ್‌ಗೆ ಕೈಹಾಕಿದೆ, ತೊಟ್ಟು ತೊಟ್ಟು ಮೆತ್ತಗಾಗಿರುವಂಥದ್ದು. ಬೆನ್ನಿನ ಮೇಲೆ ಜಪಾನಿ ಕಲಾವಿದ ಹೊಕುಸಾಯ್‌ನ ದೊಡ್ಡ ಅಲೆ ಬರೆದೆ, ತೋಳು ಕಿತ್ತು ದಪ್ಪ ಕಾರ್ಡುರಾಯ್ ತೋಳು ಕೂರಿಸಿದೆ. ಮೂರು ವಾರದ ಕೆಲಸ. ಮೊದಲ ಸಲ ಮಷಿನ್‌ಗೆ ಹಾಕಿ ತೆಗೆದರೆ ನೊರೆಯ ಬಿಳಿ ಬಣ್ಣವೆಲ್ಲ ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಬಲಗಡೆ ತೋಳು ಭುಜದ ಹತ್ತಿರ ಹರಿದಿದೆ. ವಿಚಿತ್ರ ಅಂದರೆ ಹೊಲಿಗೆ ಬಿಟ್ಟಿಲ್ಲ, ಹೊಲಿಗೆಯ ಪಕ್ಕದಲ್ಲಿ ಬಟ್ಟೆಯೇ ಹರಿದಿದೆ!

ಬಳಸಿದ್ದು ಕ್ಯಾನ್ವಾಸ್‌ಗೆ ಬಳಸುವ ಮಾಮೂಲಿ ಅಕ್ರಿಲಿಕ್. ಬಿಳಿ ಚೆನ್ನಾಗಿ ಕಾಣಲಿ ಅಂತ ನಾಲ್ಕು ಪದರ ಹಚ್ಚಿದ್ದೆ. ಸರಿ ಮಾಡಬಹುದಾ, ಇಲ್ಲ ಕೈಬಿಡಬೇಕಾ? ಇನ್ನೊಂದು, ಮುಂದೆ ಇಂಥವನ್ನು ಮಾರುವ ಆಸೆ ಇದೆ. ಹೆಸರಾಂತ ಚಿತ್ರ ಹಾಕಿ ಮಾರಿದರೆ ತೊಂದರೆ ಆಗುತ್ತಾ?

ಬಣ್ಣದಡಬ್ಬಿ:
ನಾಲ್ಕು ಪದರ ಅಂದಾಗಲೇ ಅರ್ಥವಾಯಿತು. ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿದಿರುತ್ತಾರೆ, ಅದು ಅಲ್ಲಾಡುವುದಿಲ್ಲ. ಜಾಕೆಟ್‌ನ ಬೆನ್ನು ನೀವು ಕೈ ಚಾಚಿದಾಗೆಲ್ಲ ಎಳೆಯುತ್ತದೆ, ಕೂತಾಗ ಮಡಚುತ್ತದೆ. ಅಕ್ರಿಲಿಕ್‌ಗೆ ಟೆಕ್ಸ್‌ಟೈಲ್ ಮೀಡಿಯಂ (ಬಟ್ಟೆಗೆ ಬರೆಯುವಾಗ ಬಣ್ಣಕ್ಕೆ ಬೆರೆಸುವ ದ್ರವ) ಬೆರೆಸಿದರೆ ಬಣ್ಣ ನೂಲಿನೊಳಗೆ ಇಳಿದು ಮೆತ್ತಗಿರುತ್ತದೆ, ಎಷ್ಟು ಬೆರೆಸಬೇಕು ಅಂತ ಡಬ್ಬಿಯ ಮೇಲೇ ಇರುತ್ತದೆ. ಪದರ ತೆಳ್ಳಗೆ ಹಚ್ಚಿ, ಒಂದು ಒಣಗಿದ ಮೇಲೆ ಇನ್ನೊಂದು. ಕನಿಷ್ಠ ಒಂದು ದಿನ ಬಿಟ್ಟು ಒಳಮೈ ಕಡೆಯಿಂದ ಇಸ್ತ್ರಿ ಕೊಡಿ, ಆವಿ ಬಂದ್ ಮಾಡಿ. ಬಣ್ಣ ನೂಲಿಗೆ ಕಚ್ಚಿಕೊಳ್ಳುವುದೇ ಆ ಬಿಸಿಗೆ. ನೀವು ಬಹುಶಃ ಇದನ್ನು ಬಿಟ್ಟಿದ್ದೀರಿ. ಬರೆಯುವ ಮುಂಚೆ ಜಾಕೆಟ್ ಒಗೆದಿದ್ದಿರಾ? ಹಳೇ ಬಟ್ಟೆಯಲ್ಲಿ ಸಾಫ್ಟ್‌ನರ್, ಜಿಡ್ಡು ಎಲ್ಲ ಕೂತಿರುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಮತ್ತೆ ಒಂದು ಮಾತು, ನೊರೆಗೆ ಬಿಳಿ ಬಣ್ಣ ಯಾಕೆ ಬೇಕಿತ್ತು? ಡೆನಿಮ್‌ನಲ್ಲಿ ಉದ್ದದ ನೂಲಿಗೆ ಮಾತ್ರ ನೀಲಿ, ಅಡ್ಡ ನೂಲು ಬಿಳಿ. ಆ ನೀಲಿ ನೂಲಿನಲ್ಲೂ ಬಣ್ಣ ಮೇಲ್ಮೈಗಷ್ಟೇ ಇರುತ್ತದೆ, ಒಳಗೆ ಬಿಳಿಯೇ. ಜೀನ್ಸ್ ಮೊಣಕಾಲಿನಲ್ಲಿ ಬೆಳ್ಳಗಾಗುವುದು ಅದಕ್ಕೇ. ಸಣ್ಣ ಉಜ್ಜುಕಾಗದದಿಂದ ನೊರೆಯ ಆಕಾರಕ್ಕೆ ಹಗುರವಾಗಿ ಉಜ್ಜಿದರೆ ಬಟ್ಟೆಯೊಳಗಿನ ಬಿಳಿಯೇ ಮೇಲೆ ಬರುತ್ತದೆ. ಅದು ಎಷ್ಟು ಒಗೆದರೂ ಬಿರುಕು ಬಿಡುವುದಿಲ್ಲ, ಬಿರುಕು ಬಿಡಲು ಅಲ್ಲಿ ಬಣ್ಣವೇ ಇಲ್ಲವಲ್ಲ.

ಹಳೇಕಾಜ:
ಉಜ್ಜುವ ಐಡಿಯಾ ಚೆನ್ನಾಗಿದೆ. ಆದರೆ "ಮೆತ್ತಗಾಗಿರುವ" ಜಾಕೆಟ್ ಅಂತಿದ್ದಾರೆ, ಮೊದಲೇ ಸವೆದ ಬಟ್ಟೆಯನ್ನು ಇನ್ನೂ ಉಜ್ಜಿದರೆ ತೂತೇ ಗತಿ. ನನ್ನ ಕೈಯಲ್ಲೇ ಒಂದು ಹಾಗೆ ಹಾಳಾಗಿದೆ.

ತೋಳಿನ ವಿಷಯಕ್ಕೂ ಇದೇ ಕಾರಣ. ನಿಮ್ಮ ಹೊಲಿಗೆ ಗಟ್ಟಿಯಾಗಿತ್ತು, ಬಟ್ಟೆ ಸತ್ತಿತ್ತು. ಭಾರದ ಕಾರ್ಡುರಾಯ್ ಒಂದು ಕಡೆ, ಸವೆದ ಡೆನಿಮ್ ಇನ್ನೊಂದು ಕಡೆ, ಎಳೆತ ಬಿದ್ದಾಗ ಸೋಲುವುದು ಯಾವುದು ಹೇಳಿ? ಅದರ ಮೇಲೆ ಹೊಲಿಗೆ ತುಂಬಾ ಒತ್ತಾಗಿ ಹಾಕಿದ್ದರೆ ಸೂಜಿಯ ತೂತುಗಳೇ ಸಾಲಾಗಿ ಹರಿಯುವ ಗೆರೆ ಆಗುತ್ತವೆ, ಅಂಚೆಚೀಟಿ ಹಾಳೆಯ ತೂತುಗಳ ಹಾಗೆ. ಒಂದೊಂದು ಹೊಲಿಗೆಯ ಉದ್ದ 3 ಮಿ.ಮೀ. ಆಸುಪಾಸು ಇರಲಿ, ಸೂಜಿ ಡೆನಿಮ್‌ದೇ ಇರಲಿ, 90 ಅಥವಾ 100 ನಂಬರ್.

ನಾನು ಹಳೇ ಬಟ್ಟೆ ಕೈಗೆ ಬಂದ ಕೂಡಲೇ ಕಿಟಕಿಗೆ ಹಿಡಿಯುತ್ತೇನೆ. ಎಲ್ಲೆಲ್ಲಿ ಬೆಳಕು ಜರಡಿಯಲ್ಲಿ ಬಂದ ಹಾಗೆ ತೂರಿ ಬರುತ್ತದೋ ಅಲ್ಲಿಗೆ ಚಾಕ್‌ನಲ್ಲಿ ಗುರುತು. ಆಮೇಲೆ ಚಿತ್ರದ ಯೋಚನೆ. ನೀವು ಚಿತ್ರ ಮೊದಲು ಯೋಚಿಸಿ ಅದಕ್ಕೆ ಬಟ್ಟೆ ಹುಡುಕಿದ್ದೀರಿ ಅನಿಸುತ್ತೆ, ಹೊಸದರಲ್ಲಿ ಎಲ್ಲರೂ ಅದನ್ನೇ ಮಾಡುತ್ತಾರೆ. ಗುರುತು ಹಾಕಿದ ಜಾಗದ ಹಿಂದೆ ಒಂದು ತೆಳು ಗಟ್ಟಿ ಹತ್ತಿ ಬಟ್ಟೆ ಕೊಡಿ, ಅದು ಸವೆದ ಭಾಗ ದಾಟಿ ಎರಡು ಬೆರಳು ಆಚೆ ಹೋಗಲಿ, ರನ್ನಿಂಗ್ ಸ್ಟಿಚ್‌ನಲ್ಲಿ ಸಾಲು ಸಾಲಾಗಿ ಹೊಲಿಯಿರಿ. ಜಪಾನಿನ ಬಡ ಮನೆಗಳಲ್ಲಿ ತೇಪೆ ಮೇಲೆ ತೇಪೆ ಹಾಕಿ ಹಿಂಗೇ ಹೊಲಿಯುತ್ತಿದ್ದರು, ಆ ಬಟ್ಟೆಗೆ ಬೊರೊ ಅಂತ ಹೆಸರು. ಈಗ ಅದನ್ನು ಮ್ಯೂಸಿಯಂನಲ್ಲಿ ಇಡುತ್ತಾರೆ! ನಿಮ್ಮ ಅಲೆಯ ಕೆಳಗಿನ ನೀರನ್ನು ಆ ಸಾಲು ಹೊಲಿಗೆಯಲ್ಲೇ ತೋರಿಸಬಹುದಲ್ವಾ?

ಅಂದ ಹಾಗೆ ಜಾಕೆಟ್ ಯಾವ ಕಂಪನಿಯದು? ಲೀವೈಸ್ ಆಗಿದ್ದರೆ ಜೇಬಿನ ಕೆಂಪು ಪಟ್ಟಿ ನೋಡಿ. 1971ರವರೆಗೆ ಅದರ ಮೇಲಿನ ಇಂಗ್ಲಿಷ್ ಹೆಸರಿನಲ್ಲಿ 'ಇ' ಅಕ್ಷರ ದೊಡ್ಡದಿತ್ತು, ಆಮೇಲೆ ಚಿಕ್ಕದಾಯಿತು. ದೊಡ್ಡ 'ಇ' ಇರುವ ಅಪರೂಪದ್ದಕ್ಕೆ ಕತ್ತರಿ ಹಾಕಿದ್ದೀರಿ ಅಂತ ಮಾತ್ರ ಹೇಳಬೇಡಿ.

ಸೂಜಿಕಣ್ಣು:
ಮಾರುವ ಪ್ರಶ್ನೆಗೆ ನಾನು ಹೇಳುತ್ತೇನೆ. ಹೊಕುಸಾಯ್ ತೀರಿಕೊಂಡಿದ್ದು 1849ರಲ್ಲಿ, ಆ ಚಿತ್ರದ ಮೇಲೆ ಈಗ ಯಾರ ಹಕ್ಕೂ ಇಲ್ಲ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಕ್ಕು ಮುಗಿದ ಕೃತಿಗಳ ಫೋಟೊಗಳನ್ನು 2017ರಿಂದ ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟುಕೊಟ್ಟಿದೆ, ಈ ಅಲೆಯೂ ಅಲ್ಲಿದೆ. ವ್ಯಾನ್ ಗೋ ಕೂಡ ಧಾರಾಳವಾಗಿ ಆಗುತ್ತೆ. ಆದರೆ ಬೀದಿ ಕಲೆ ಅಂತ ಅಮೆರಿಕದ ಕಲಾವಿದರಾದ ಬಾಸ್ಕಿಯಾ, ಕೀತ್ ಹೇರಿಂಗ್ ಕಡೆ ಹೋಗಬೇಡಿ. ಒಬ್ಬರು 1988ರಲ್ಲಿ, ಇನ್ನೊಬ್ಬರು 1990ರಲ್ಲಿ ಹೋದವರು. ಎಷ್ಟೋ ದೇಶಗಳಲ್ಲಿ ಕಲಾವಿದ ತೀರಿಕೊಂಡ ಮೇಲೂ 70 ವರ್ಷ ಹಕ್ಕು ಇರುತ್ತದೆ. ದೊಡ್ಡ ಬ್ರ್ಯಾಂಡ್‌ಗಳ ಲೋಗೊ ಕತ್ತರಿಸಿ ಅಂಟಿಸುವುದು ಟ್ರೇಡ್‌ಮಾರ್ಕ್ ತಲೆನೋವು, ಅದೇ ಬೇರೆ.

ನನ್ನ ಅಭಿಪ್ರಾಯ, ಬಿರುಕು ಬಿಟ್ಟ ನೊರೆಯನ್ನು ಕೆರೆಯಬೇಡಿ. ಚೆನ್ನಾಗೇ ಕಾಣಬಹುದು.

ಬಣ್ಣದಡಬ್ಬಿ:
ಚೆನ್ನಾಗಿ ಕಾಣುತ್ತೆ, ಮುಂದಿನ ಒಗೆತದವರೆಗೆ. ನಿಮಗೇ ಇಟ್ಟುಕೊಳ್ಳುವುದಾದರೆ ಸರಿ. ದುಡ್ಡು ಕೊಟ್ಟವರ ವಾಷಿಂಗ್ ಮಷಿನ್‌ನಲ್ಲಿ ಬಣ್ಣ ಉದುರಿದರೆ ಅವರು "ಆಹಾ ಕಲೆ" ಅನ್ನುವುದಿಲ್ಲ. ಎದ್ದಿರುವುದನ್ನು ಮೊಂಡು ಚಾಕುವಿನಲ್ಲಿ ತೆಗೆಯಿರಿ. ಮತ್ತೆ, ಕಿತ್ತ ತೋಳುಗಳನ್ನು ಎಸೆದಿಲ್ಲ ತಾನೇ? ಅದೇ ಬಟ್ಟೆ, ಅದೇ ಸವೆತ. ಉಜ್ಜುವುದನ್ನೂ ಬಣ್ಣವನ್ನೂ ಮೊದಲು ಅದರ ಮೇಲೆ ನೋಡಿ, ಒಗೆದೂ ನೋಡಿ.

ಅರ್ಧತೋಳು:
ಲೀವೈಸ್ ಅಲ್ಲ, ಹೆಸರೇ ಇಲ್ಲದ್ದು, ಜೀವ ಬಂತು. ಮುಂಚೆ ಒಗೆದಿರಲಿಲ್ಲ, ಇಸ್ತ್ರಿಯೂ ಕೊಟ್ಟಿರಲಿಲ್ಲ, ಬೈಯಬೇಡಿ. ಕಿಟಕಿಗೆ ಹಿಡಿದೆ. ಎರಡೂ ಭುಜ ಜರಡಿ, ಆದರೆ ಬೆನ್ನಿನ ನಡುಭಾಗ ಗಟ್ಟಿಯಾಗೇ ಇದೆ, ನೊರೆ ಇರುವುದು ಅಲ್ಲೇ. ತೋಳುಗಳು ಚಿಂದಿ ಮೂಟೆಯಲ್ಲಿ ಸಿಕ್ಕವು. ಒಂದರ ಮೇಲೆ ಉಜ್ಜಿ ನೋಡಿದೆ, ಐದು ನಿಮಿಷಕ್ಕೆ ಬಿಳಿ ಬಂತು, ಆರನೇ ನಿಮಿಷಕ್ಕೆ ತೂತು. ಈಗ ಇನ್ನೊಂದು ತೋಳಿನ ಮೇಲೆ ನಾಲ್ಕೇ ನಿಮಿಷ ಉಜ್ಜಿ ಮಷಿನ್‌ಗೆ ಹಾಕಿದ್ದೇನೆ.