ನಾಟಕ ಕಂಪನಿಗೆ ಪಾಲುದಾರನಾಗಬಹುದೇ?

ಪ್ರಶ್ನೆ: ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕಗಳಿಗೆ ಜನ ಮುಗಿಬೀಳುವುದನ್ನು ಕಂಡಿದ್ದೇನೆ. ಸೋದರಮಾವ ತಮ್ಮ ಕಂಪನಿಗೆ ಹಣ ಹಾಕು ಎನ್ನುತ್ತಿದ್ದಾರೆ. ಇಪ್ಪತ್ತು ಜನರ ತಂಡ. ಅನುಭವವಿದ್ದವರು ತಿಳಿಸಿ.

ಗಲ್ಲಾದಲ್ಲಿ ಕೂತಿದ್ದವನು: ಬನಶಂಕರಿಯನ್ನು ನೋಡಿ ತೀರ್ಮಾನಿಸಬೇಡಿ. ಬನದ ಹುಣ್ಣಿಮೆಯ ತೇರಿನ ಆಸುಪಾಸಿನಲ್ಲಿ ದಿನಕ್ಕೆ ಎರಡು ಮೂರು ಆಟ ಹಾಕಿದರೂ ಜನ ಬರುತ್ತಾರೆ. ಜಾತ್ರೆ ಮುಗಿದ ಮೇಲಿನದನ್ನು ನೋಡಿ. ತಗಡು ಬಿಚ್ಚಿ, ಪರದೆ ಸುತ್ತಿ, ಲಾರಿಗೆ ಹೇರಿ, ಮುಂದಿನ ಊರಿನಲ್ಲಿ ಜಾಗದ ಬಾಡಿಗೆ ಕಟ್ಟಿ, ಪರವಾನಗಿಗೆ ಅಲೆದು, ಮೊದಲ ಗಂಟೆ ಬಾರಿಸುವವರೆಗೆ ಗಲ್ಲಾಕ್ಕೆ ಬಿಡಿಗಾಸಿಲ್ಲ. ಅಡುಗೆಯವನ ಒಲೆ ಮಾತ್ರ ಎರಡು ಹೊತ್ತೂ ಉರಿಯುತ್ತಿರುತ್ತದೆ. ಇದರ ನಡುವೆ ಹಾಸ್ಯ ಪಾತ್ರದವನು ಬೇರೆ ಕಂಪನಿಯ ಮುಂಗಡ ಹಿಡಿದು ಹೊರಟರೆ ಮುಗಿಯಿತು. ಜನ ಕೇಳಿಕೊಂಡು ಬರುವುದೇ ಅವನನ್ನು.

ಒಂದು ಆಷಾಢದ ರಾತ್ರಿ ಹದಿನಾಲ್ಕು ಟಿಕೆಟ್ ಹರಿದಿದ್ದೆ. ತಗಡಿನ ಮೇಲೆ ಮಳೆ ಬಡಿಯತೊಡಗಿತು, ನಾಯಕನ ಮಾತು ಮೂರನೇ ಸಾಲಿಗೆ ಕೇಳಲಿಲ್ಲ. ದುಡ್ಡು ಮರಳಿಸೋಣವೆಂದರೆ ಅದು ಆಗಲೇ ಜನರೇಟರಿನ ಡೀಸೆಲ್ ಆಗಿ ಹೋಗಿತ್ತು.

ನಿವೃತ್ತ ಕಲಾವಿದೆ: ಅಣ್ಣನವರ ಲೆಕ್ಕ ಸರಿ, ಆದರೆ ಮುಂಗಡದ ಮಾತು ನನಗೆ ಚುಚ್ಚಿತು. ಮಳೆಗಾಲದಲ್ಲಿ ಕಂಪನಿ ಊಟ ಹಾಕುತ್ತದೆ, ಸಂಬಳ ಮುಂದೂಡುತ್ತದೆ. ಮಗಳ ಹಾಸ್ಟೆಲ್ ಶುಲ್ಕವನ್ನು ಮುಂದೂಡಲು ಆಗುತ್ತದೆಯೇ? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ನಾವು ಕ್ಯಾಂಪಿನ ನಡುವೆಯೇ ಇದ್ದೆವು. ಬಣ್ಣದ ಪೆಟ್ಟಿಗೆ ಅಲ್ಲೇ ಬಿಟ್ಟು ಊರು ಸೇರಿದೆ. ಹಣ ಹಾಕುವುದಾದರೆ ಮಳೆಗಾಲದ ಸಂಬಳವನ್ನು ಮೊದಲು ತೆಗೆದಿರಿಸಿ ತಮ್ಮಾ, ಆಮೇಲೆ ಹೊಸ ಸೀನರಿ.

ನಮ್ಮೂರಿನ ನಾಟಕ ಸಂಘಟಕ: ಬೇರೆ ದಾರಿಯೂ ಇದೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ತಿರುಗಾಟವೆಂಬ ಸಂಚಾರಿ ನಾಟಕ ತಂಡ ಶುರುಮಾಡಿತು. ಊರೂರಿನ ಸಂಘಟಕರು ನಾಟಕಗಳನ್ನು ಕರೆಸಿಕೊಳ್ಳುತ್ತಾರೆ. ಟಿಕೆಟ್ ಮಾರುವ ತಲೆನೋವು ನಮ್ಮಂಥವರದ್ದು. ಕಂಪನಿಗಳೂ ಎರಡು ಜಾತ್ರೆಗಳ ನಡುವೆ ಕಂತ್ರಾಟು ಆಟ ಒಪ್ಪಿಕೊಳ್ಳಬಹುದು. ಗಲ್ಲಾ ತುಂಬದಿದ್ದರೂ ಒಪ್ಪಿದ ಹಣ ಕೈಗೆ ಬರುತ್ತದೆ. ಆದರೆ ಕೊನೇ ಅಂಕಕ್ಕೆ ಮೊದಲೇ ವಸೂಲು ಮಾಡಿಕೊಳ್ಳಿ ಎಂದು ಸಂಘಟಕನಾದ ನಾನೇ ಹೇಳುತ್ತೇನೆ.

ಪ್ರಶ್ನೆ ಕೇಳಿದವನು: ಹೋದ ವರ್ಷ ಎಷ್ಟು ದಿನ ಆಟವಿರಲಿಲ್ಲ ಎಂದು ಮಾವನನ್ನು ಕೇಳಿದೆ. ಚಹಾ ತರಿಸಿದರು. ಬನಶಂಕರಿ ಕ್ಯಾಂಪಿನ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಉಳಿದ ತಿಂಗಳುಗಳ ಪುಸ್ತಕ ಲಾರಿಯಲ್ಲಿದೆಯಂತೆ.