ಹಳೇ ಅಲ್ಯೂಮಿನಿಯಂ ಟ್ರೇಲರ್‌ಗೆ ಬಣ್ಣ: ರೋಲರ್ರಾ, ಸ್ಪ್ರೇನಾ?

(ಅಮೆರಿಕದ ಕನ್ನಡಿಗರ ಮಾತುಕತೆ. ಹೆಸರಿನ ಬದಲು ಅವರವರ ರಾಜ್ಯ.)

ಮಿಶಿಗನ್: 1974ರ 16 ಅಡಿ ಟ್ರಾವೆಲ್ ಟ್ರೇಲರ್, ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ, ತಗೊಂಡಿದ್ದೇವೆ. ಮೈಯೆಲ್ಲ ಅಲ್ಯೂಮಿನಿಯಂ ತಗಡು. ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತುತ್ತದೆ. ನಾವೇ ರೋಲರ್‌ನಲ್ಲಿ ಹೊಡೆಯೋದಾ, ಸ್ಪ್ರೇಗೆ ಕೊಡೋದಾ? ಮಾಡಿದವರು ಅನುಭವ ಹೇಳಿ.

ಒಹಾಯೊ: ರೋಲರ್. ಎರಡು ಮಾತಿಲ್ಲ. ದೋಣಿಗೆ ಹಚ್ಚುವ ಟಾಪ್‌ಸೈಡ್ ಎನಾಮೆಲ್, ಸ್ಪಂಜಿನ ಸಣ್ಣ ರೋಲರ್, ಹಿಂದೆಯೇ ಬ್ರಷ್ ತುದಿಯಿಂದ ಸವರಿಕೊಂಡು ಹೋಗಬೇಕು. ನನಗೆ ಬಣ್ಣಕ್ಕೆ ಬಿದ್ದದ್ದು 160 ಡಾಲರ್. ಆದರೆ ಖರ್ಚು ಬಣ್ಣದ್ದಲ್ಲ. ಮೂಲೆ ಪಟ್ಟಿ ಬಿಚ್ಚಿದರೆ ಒಳಗಿನ ಪುಟ್ಟಿ ಕಲ್ಲಾಗಿತ್ತು. ಸ್ಕ್ರೂಗಳು ತುಕ್ಕು ಹಿಡಿದು ಅರ್ಧದಷ್ಟು ತಲೆ ಮುರಿದವು. ಸಂದಿ ಮುಚ್ಚುವ ಬ್ಯುಟೈಲ್ ಟೇಪ್ 85, ಸ್ಟೇನ್‌ಲೆಸ್ ಸ್ಕ್ರೂ 48, ಕಿಟಕಿ ರಬ್ಬರ್ 110, ಬಣ್ಣದ ಕೆಳಗೆ ಲೋಹಕ್ಕೆ ಕಚ್ಚಿಕೊಳ್ಳುವ ಎಚ್ಚಿಂಗ್ ಪ್ರೈಮರ್ 72. ಒಟ್ಟು 475. ಇವತ್ತಿಗೂ ಒಂದು ಚೂರು ಎದ್ದಿಲ್ಲ.

ಟೆಕ್ಸಾಸ್: ರೋಲರ್ ಕೆಲಸ ದೂರದಿಂದ ಚೆಂದ. ನಾನು 3,800 ಕೊಟ್ಟು ಎರಡು ಭಾಗ ಬೆರೆಸಿ ಹೊಡೆಯುವ ಯುರೆಥೇನ್ ಬಣ್ಣ ಸ್ಪ್ರೇ ಮಾಡಿಸಿದೆ. ಗಾಜಿನ ಹಾಗೆ ಹೊಳೆಯುತ್ತಿತ್ತು. ಮುಂದಿನ ಬೇಸಿಗೆಗೆ ಕಿಟಕಿ ಸುತ್ತ ಹಾಳೆ ಹಾಳೆಯಾಗಿ ಎದ್ದಿತು. ಹಳೇ ಮಾಲೀಕ ಅಲ್ಲೆಲ್ಲ ಸಿಲಿಕೋನ್ ಬಳಿದಿದ್ದ. ಅದರ ಮೇಲೆ ಯಾವ ಬಣ್ಣವೂ ಕೂರಲ್ಲ. ಅಂಗಡಿಯವನಿಗೆ ಇದು ಗೊತ್ತಿರಬೇಕಲ್ವಾ? ಕೇಳಿದರೆ, ಗ್ಯಾರಂಟಿ ಬಣ್ಣಕ್ಕೆ, ತಗಡಿಗಲ್ಲ ಅಂದ. ಮತ್ತೆ ಕೆರೆಸಿ ಹೊಡೆಸೋಕೆ 640. ಆದರೂ ಸ್ಪ್ರೇನೇ ಸರಿ. ಮನೇಲಿ ಮಾತ್ರ ಪ್ರಯತ್ನಿಸಬೇಡಿ. ಅದರಲ್ಲಿ ಐಸೊಸೈಯನೇಟ್ ಅನ್ನೋ, ಉಸಿರಾಟಕ್ಕೆ ಅಪಾಯದ ರಾಸಾಯನಿಕ ಇರುತ್ತದೆ. ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಬೇಕು.

ಒಹಾಯೊ: 4,440 ಕೊಟ್ಟು ಸಿಪ್ಪೆ ಎಬ್ಬಿಸಿಕೊಂಡವರು ನನಗೆ ಪಾಠ ಹೇಳ್ತೀರಾ?

ಕ್ಯಾಲಿಫೋರ್ನಿಯಾ: ಬಣ್ಣ ಯಾಕ್ರೀ? ನನ್ನದು 1968ರ ಏರ್‌ಸ್ಟ್ರೀಮ್, ಬೆಳ್ಳಿ ಮೈಯ ಟ್ರೇಲರ್. ಮೇಲಿನ ಹಳೇ ಪಾರದರ್ಶಕ ಲೇಪ (ಕ್ಲಿಯರ್‌ಕೋಟ್) ತೆಗೆದು ಪಾಲಿಶ್ ಮಾಡಿದೆ. ಭುಜ ಹೋಯಿತು, ಫಿಸಿಯೋಥೆರಪಿಗೆ 540 ಆಯಿತು. ಆದರೆ ಪಕ್ಕದ ಮನೆಯವರು ಅದರಲ್ಲಿ ಮುಖ ನೋಡಿಕೊಳ್ತಾರೆ. ಅಲ್ಯೂಮಿನಿಯಂಗೆ ಬಣ್ಣ ಬಳಿಯೋದು ಅಪರಾಧ.

ಮಿನೆಸೋಟ: ಏರ್‌ಸ್ಟ್ರೀಮ್ ಪುರಾಣ ಇಲ್ಲಿ ಯಾಕೆ? ಅದು ವಿಮಾನಕ್ಕೆ ಬಳಸುವ ಆಲ್‌ಕ್ಲ್ಯಾಡ್, ಮೇಲೆ ಶುದ್ಧ ಅಲ್ಯೂಮಿನಿಯಂ ಪದರ ಇರುವ ತಗಡು. ಇವರದ್ದು ಕಾರ್ಖಾನೆಯಲ್ಲೇ ಬಣ್ಣ ಹಚ್ಚಿದ ತೆಳು ತಗಡು, ಹಿಂದೆ ಮರದ ಚೌಕಟ್ಟು. ನನ್ನದರಲ್ಲಿ ಕಿಟಕಿ ಕೆಳಗೆ ಬೆರಳಿಟ್ಟು ಒತ್ತಿದೆ, ತಗಡು ಒಳಗೆ ಹೋಯಿತು. ಮರ ಕೊಳೆತು ಕಾಫಿ ಪುಡಿ. ಮರಕ್ಕೇ 720 ಸುರಿದೆ, ಬಣ್ಣದ ಡಬ್ಬ ಮುಚ್ಚಳ ತೆಗೆಯೋ ಮೊದಲೇ. ನೀರು ಸೋರೋದು ನಿಲ್ಲಿಸದೆ ಮೇಲೆ ಏನು ಬಳಿದರೂ ದಂಡ. ಇನ್ನೊಂದು, 1978ಕ್ಕಿಂತ ಹಳೇದು ಅಂದರೆ ಉಜ್ಜುವ ಮುಂಚೆ ಹಳೇ ಬಣ್ಣದಲ್ಲಿ ಸೀಸ ಇದೆಯಾ ಅಂತ ಟೆಸ್ಟ್ ಮಾಡಿ. ಸ್ಟೀಲ್ ವೂಲ್ ಮುಟ್ಟಲೇಬೇಡಿ. ಅದರ ಎಳೆ ಸಿಕ್ಕಿಕೊಂಡು ಆಮೇಲೆ ತುಕ್ಕಿನ ಚುಕ್ಕಿ ಬರುತ್ತದೆ.

ಕ್ಯಾಲಿಫೋರ್ನಿಯಾ: ತೆಳು ತಗಡು ಅಂತ ನೀವೇ ಒಪ್ಪಿಕೊಂಡಿರಿ. ಸಂತೋಷ.

ಮಿಶಿಗನ್: ಅಂದರೆ ರೋಲರ್ ಆಗಬಹುದಾ?

ಅರಿಜೋನಾ: ನಾನು ಬಿಳಿ ಮೈ ಮೇಲೆ ಕೆಂಪು, ಹಳದಿ ಪಟ್ಟೆ ಹೊಡೆಸಿದೆ. ಪಟ್ಟೆಗೇ 290. ಇಲ್ಲಿನ ಬಿಸಿಲಿಗೆ ಕೆಂಪು ಗುಲಾಬಿ ಆಗಿ ಕೂತಿದೆ. ಬಿಳಿ ಮಾತ್ರ ಹಾಗೇ ಇದೆ. ಬಿಸಿಲೂರಿನವರು ಯಾರೂ ಕೆಂಪು ಹಾಕಬೇಡಿ.

ಒಹಾಯೊ: ನಾಡಧ್ವಜದ ಬಣ್ಣ ಚಕ್ರದ ಹತ್ತಿರ, ಕೆಸರು ಸಿಡಿಯೋ ಕಡೆ ಹೊಡೆಸ್ತಾರಾ?

ಅರಿಜೋನಾ: ಇಲ್ಲಿ ಕೆಸರು ಎಲ್ಲಿದೆ ಸ್ವಾಮಿ? ಮೊದಲು ನಿಮ್ಮ ರೋಲರ್ ಗೆರೆ ಎಣಿಸಿಕೊಳ್ಳಿ.

ಮಿನೆಸೋಟ: ಮಿಶಿಗನ್ನಿನವರೇ, ರೋಲರ್ ಆಗುತ್ತೆ. ಪುಡಿ ಪೂರ್ತಿ ಹೋಗೋ ತನಕ ತೊಳೆಯಿರಿ. ಬೆಳಗ್ಗೆ ಇಬ್ಬನಿ ಆರದೆ ಶುರು ಮಾಡಬೇಡಿ. ಬರಿ ಲೋಹ ಕಂಡ ಕಡೆ ಅವತ್ತೇ ಪ್ರೈಮರ್.

ಟೆಕ್ಸಾಸ್: ಅದಿರಲಿ, ಹಳದಿ ಮೇಲೆ, ಕೆಂಪು ಕೆಳಗೆ ಅಲ್ವಾ? ಅರಿಜೋನಾದವರು ಕೆಂಪು ಮೊದಲು ಬರೆದಿದ್ದಾರೆ. ಉಲ್ಟಾ ಹೊಡೆಸಿದ್ದೀರಾ ಹೇಗೆ? ಫೋಟೊ ಹಾಕಿ ನೋಡೋಣ.