ಅಂಜಲ್‌ಗೆ ಒಂದನೇ ನಂಬರ್ ಕೊಟ್ಟವರು ಯಾರು?

ಗುಂಪು: ಪಿಯು ಬ್ಯಾಚ್ ಹಳೇ ಹುಲಿಗಳು

ರವಿ (ದುಬೈ): [ಫಾರ್ವರ್ಡ್ ಚಿತ್ರ: ‘ತಿನ್ನಲು ಅತಿ ರುಚಿಯಾದ 10 ಮೀನುಗಳು’. ಮೊದಲನೆಯದು ಕಡಲಿನ ಅಂಜಲ್, ಆಮೇಲೆ ಮಾಂಜಿ, ಕಾಣೆ, ಸಾಲ್ಮನ್, ಟ್ಯೂನಾ… ಒಂಬತ್ತು, ಹತ್ತಕ್ಕೆ ಸಿಹಿನೀರಿನ ರೋಹು, ಕಾಟ್ಲಾ. ಕೆಳಗೆ ಕೆಂಪಕ್ಷರ: ‘ಸಿಹಿನೀರಿನ ಮೀನಿಗೆ ಮಣ್ಣಿನ ವಾಸನೆ ಇರುತ್ತದೆ’]
ಸುಮ್ನೆ ಹಾಕಿದೆ. ಜಗಳ ಬೇಡ.

ಹರೀಶ (ಮಲ್ಪೆ): ಪಟ್ಟಿ ಹೆಚ್ಚುಕಮ್ಮಿ ಸರಿ ಇದೆ. ಬಂಗುಡೆ, ಬೂತಾಯಿ ಎರಡೂ ಇಲ್ಲ ಅನ್ನುವುದೊಂದೇ ದೋಷ.

ಶಿವಣ್ಣ (ಮಂಡ್ಯ): ಒಂಬತ್ತು, ಹತ್ತು ನಮಗೆ ಭಿಕ್ಷೆಯಾ? ಕೊರಮೀನು ಎಲ್ಲಿ? ಬಾಳೆಮೀನು ಎಲ್ಲಿ? ಕಾವೇರಿಯಲ್ಲಿ ರೋಹು, ಕಾಟ್ಲಾ ಬಿಟ್ಟರೆ ಬೇರೇನೂ ಇಲ್ಲ ಅಂದುಕೊಂಡಿದ್ದಾನೆ ಈ ಪಟ್ಟಿ ಮಾಡಿದವನು. ಅವೆರಡೂ ಗಂಗೆ ಕಡೆಯ ಮೀನು. ನಮ್ಮ ಕೆರೆಗಳಿಗೆ ಮರಿ ತಂದು ಬಿಟ್ಟಿದ್ದು.

ಹರೀಶ: ಯಾವ ಕಡೆಯದಾದರೂ ಮಣ್ಣಿನ ವಾಸನೆ ಇದೆಯೋ ಇಲ್ಲವೋ ಅದನ್ನು ಹೇಳು.

ಶಿವಣ್ಣ: ನಿನ್ನ ಮೀನಿಗೆ ಐಸಿನ ವಾಸನೆ ಇದೆಯೋ ಇಲ್ಲವೋ ಅದನ್ನು ನೀನು ಹೇಳು.

ವಾಣಿ (ಅಡ್ಮಿನ್): ಬೆಳಿಗ್ಗೆ ಏಳು ಗಂಟೆ. ನಾನು ಉಪ್ಪಿಟ್ಟು ತಿನ್ನುತ್ತಿದ್ದೇನೆ. ದಯವಿಟ್ಟು.

ಹರೀಶ: ಐಸಾ? ಮಲ್ಪೆಯಲ್ಲಿ ಕೂತು ನಾನು ಐಸಿನ ಮೀನು ತಿನ್ನುತ್ತೇನಾ?

ಶಿವಣ್ಣ: ಆಳಸಮುದ್ರದ ಬೋಟು ಎಷ್ಟು ದಿನ ಕಡಲಲ್ಲಿ ಇರುತ್ತದೆ? ವಾರ, ಹತ್ತು ದಿನ. ಮೊದಲ ದಿನ ಸಿಕ್ಕ ಅಂಜಲ್ ದಡ ಮುಟ್ಟುವ ಹೊತ್ತಿಗೆ ಅದರ ತಿಥಿ ಆಗಿರುತ್ತದೆ. ನಮ್ಮೂರ ಸಂತೆಯಲ್ಲಿ ಕೊರಮೀನು ತೊಟ್ಟಿಯಲ್ಲಿ ಒದ್ದಾಡುತ್ತಿರುತ್ತದೆ. ಅದು ಗಾಳಿಯನ್ನೂ ಉಸಿರಾಡುವ ಮೀನು, ಒಂದಿಷ್ಟು ನೀರಿದ್ದರೂ ಗಂಟೆಗಟ್ಟಲೆ ಬದುಕುತ್ತದೆ. ಕೈ ತೋರಿಸಿದ್ದನ್ನು ಕಣ್ಣೆದುರೇ ಕತ್ತರಿಸಿ ಕೊಡುತ್ತಾರೆ.

ಹರೀಶ: ಎಲ್ಲವೂ ಆಳಸಮುದ್ರದ್ದಲ್ಲ ಮಾರಾಯ. ಕೈರಂಪಣಿ ಬಲೆ ಎಳೆಯುವಾಗ ದಡಕ್ಕೆ ಬಾ. ಬಲೆಯಲ್ಲಿ ಹಾರುವ ಬಂಗುಡೆ ಅಲ್ಲೇ ಬುಟ್ಟಿಗೆ ಬೀಳುತ್ತದೆ. ಒಂದು ಗಂಟೆಯೊಳಗೆ ಹುಳಿ-ಖಾರದ ಪುಳಿಮುಂಚಿ ಆಗಿರುತ್ತದೆ.

ಶಿವಣ್ಣ: ಅದು ದಡದಲ್ಲಿರುವ ನಿನಗೆ. ಬೆಂಗಳೂರಿನ ಹೋಟೆಲಲ್ಲಿ ‘ಕರಾವಳಿ ಮೀನು’ ಅಂತ ತಿನ್ನುವವರಿಗೆ?

ರವಿ: ಅಲ್ಲಿ ಫಿಶ್ ಫಿಂಗರ್ ಅಂತ ಕೊಡುವುದು ಎಷ್ಟೋ ಸಲ ಬಾಸಾ. ವಿಯೆಟ್ನಾಂನ ಮೆಕಾಂಗ್ ನದಿಯ ಕಡೆ ಸಾಕುವ ಮೀಸೆ ಮೀನು. ಪಕ್ಕಾ ಸಿಹಿನೀರಿನದು. ಕಡಲ ಮೀನೇ ಶ್ರೇಷ್ಠ ಅನ್ನುವವರು ಚಪ್ಪರಿಸಿ ತಿನ್ನುತ್ತಾರೆ.

ಶಿವಣ್ಣ: ರವಿ, ನೀನು ಬೆಂಕಿ ಹಚ್ಚಿದ್ದಕ್ಕೆ ಕ್ಷಮೆ ಇದೆ.

ಗಿರಿ (ತೀರ್ಥಹಳ್ಳಿ): ನೀವಿಬ್ಬರೂ ಮಲೆನಾಡನ್ನು ಮರೆತಿದ್ದೀರಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹೊಳೆಯಿಂದ ಗದ್ದೆಗೆ ಮೀನು ಹತ್ತುತ್ತವಲ್ಲ, ಆ ಹತ್ತುಮೀನಿನ ಸಾರಿನ ಮುಂದೆ ಅಂಜಲ್ ಏನೂ ಅಲ್ಲ. ರಾತ್ರಿ ಟಾರ್ಚ್ ಹಿಡಿದು, ಕಂಬಳಿಕೊಪ್ಪೆ ಹಾಕಿ, ಕೂಳಿ ಇಟ್ಟು…

ಸುನೀತಾ (ಕಾರವಾರ): ಮೊಟ್ಟೆ ಇಡಲು ಹತ್ತುವ ಮೀನು ಅದು ಗಿರಿ. ದಾರಿಯಲ್ಲೇ ಹಿಡಿದು ಸಾರು ಮಾಡಿದರೆ ಮುಂದಿನ ವರ್ಷ ಹತ್ತುವುದು ಯಾವುದು?

ಗಿರಿ: ಅದಕ್ಕೇ ಈಗ ಕಮ್ಮಿಯಾಗಿದೆ. ಗೊತ್ತು. ರುಚಿಯ ವಿಷಯ ಮಾತ್ರ ಹೇಳಿದೆ.

ರವಿ: ಶೃಂಗೇರಿ ಹೊಳೆಯ ಮೀನು ಹೇಗಿರುತ್ತದೆ? ಅಷ್ಟು ದಪ್ಪ ದಪ್ಪ ಇವೆ.

ಗಿರಿ: ದೇವರ ಮೀನು ಅದು. ಮಂಡಕ್ಕಿ ಹಾಕಿ ಕೈಮುಗಿದು ಬಾ. ರುಚಿ ಕೇಳಬೇಡ.

ವಾಣಿ: ಸುನೀತಾ, ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು ನೀನೊಬ್ಬಳೇ. ಒಂದು ತೀರ್ಪು ಕೊಟ್ಟು ಮುಗಿಸು.

ಸುನೀತಾ: ತೀರ್ಪು ಇಲ್ಲ. ಮಣ್ಣಿನ ವಾಸನೆಯ ವಿಷಯ ಮಾತ್ರ ಹೇಳುತ್ತೇನೆ, ಉದ್ದವಾದರೆ ಬೈಯಬೇಡಿ. ಮೊದಲ ಮಳೆಗೆ ನೆಲ ಘಮ್ ಅನ್ನುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಅನ್ನುವ ವಸ್ತು. ನಿಂತ ನೀರಿನ ನೀಲಿ-ಹಸಿರು ಪಾಚಿಯೂ ಕೆಲವು ಬ್ಯಾಕ್ಟೀರಿಯಾಗಳೂ ಅದನ್ನು ತಯಾರಿಸುತ್ತವೆ. ಮೀನಿನ ಕಿವಿರಿನಿಂದ ಒಳಗೆ ಹೋಗಿ ಕೊಬ್ಬಿನಲ್ಲಿ ಕೂರುತ್ತದೆ. ಹಾಗಾಗಿ ಕೊಳೆತ ಕೆರೆಯ ಜಿಲೇಬಿ ಮೀನಿಗೆ ವಾಸನೆ ಇರುತ್ತದೆ, ಹರಿಯುವ ಹೊಳೆಯ ಮೀನಿಗೆ ಕಮ್ಮಿ. ಹಿಡಿದ ಮೀನನ್ನು ಕೆಲವು ದಿನ ಶುದ್ಧ ನೀರಿನಲ್ಲಿ ಬಿಟ್ಟರೆ ತಾನಾಗಿ ಹೋಗುತ್ತದೆ. ಹುಳಿಗೆ ಜಿಯೋಸ್ಮಿನ್ ಒಡೆಯುತ್ತದೆ. ಮಂಡ್ಯದ ಮೀನು ಸಾರಿಗೆ ಅಷ್ಟೊಂದು ಹುಣಸೆಹಣ್ಣು ಹಾಕುವುದು ಸುಮ್ನೆ ಅಲ್ಲ.

ಶಿವಣ್ಣ: ನಮ್ಮಮ್ಮ ಉಪ್ಪು, ಅರಿಸಿನ, ಮಜ್ಜಿಗೆ ಹಾಕಿ ಉಜ್ಜುತ್ತಿದ್ದರು. ಕಾಲೇಜಿಗೆ ಹೋಗದೆಯೇ ಗೊತ್ತಿತ್ತು.

ಸುನೀತಾ: ಹೌದು. ಈಗ ಹರೀಶನ ಸರದಿ. ಕಡಲ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದು ಮೀನಿನ ಮೈಯ ನೀರನ್ನು ಹೊರಗೆ ಎಳೆಯುತ್ತದೆ. ಅದನ್ನು ತಾಳಿಕೊಳ್ಳಲು ಕಡಲ ಮೀನು ಮಾಂಸದಲ್ಲಿ ಕೆಲವು ವಸ್ತುಗಳನ್ನು ಜಾಸ್ತಿ ಇಟ್ಟುಕೊಳ್ಳುತ್ತದೆ. ಗ್ಲೈಸಿನ್ ಅಂಥದ್ದೊಂದು, ಅದರ ರುಚಿ ಸಿಹಿ. ತಾಜಾ ಕಡಲ ಮೀನಿಗೆ ಸಪ್ಪೆ ಅನ್ನಿಸದ ಒಂದು ತುಂಬು ರುಚಿ ಇರುವುದು ಇದರಿಂದಲೂ ಹೌದು. ಆದರೆ ಇನ್ನೊಂದು ವಸ್ತು ಇದೆ, ಟ್ರೈಮೀಥೈಲಮೈನ್ ಆಕ್ಸೈಡ್. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಬರುವುದೇ ನಾವು ‘ಮೀನು ವಾಸನೆ’ ಅನ್ನುವುದು. ಸಿಹಿನೀರಿನ ಮೀನಿನಲ್ಲಿ ಅದು ತೀರಾ ಕಮ್ಮಿ. ಅಂದರೆ ತಾಜಾ ಇದ್ದಾಗ ಹರೀಶ ಗೆಲ್ಲುತ್ತಾನೆ, ಹಳತಾದಾಗ ಬೇಗ ಸೋಲುವವನೂ ಅವನೇ.

ಹರೀಶ: ಅಂತೂ ಗೆದ್ದೆ ತಾನೇ?

ಮೂರ್ತಿ (ಕಾಕಿನಾಡ): ನಾನು ಇಷ್ಟು ಹೊತ್ತು ಸುಮ್ಮನಿದ್ದೆ. ಇಲ್ಲಿಯ ಗೋದಾವರಿಯ ಪುಲಸ ಕೇಳಿದ್ದೀರಾ? ಬಂಗಾಳದವರ ಹಿಲ್ಸಾನೇ ಅದು. ಕಡಲಲ್ಲಿ ಇರುವಾಗ ವಿಲಸ ಅನ್ನುತ್ತಾರೆ. ಅಷ್ಟೇನೂ ಬೇಡಿಕೆ ಇಲ್ಲ. ಮಳೆಗಾಲದ ಕೆಂಪು ನೀರಿಗೆ ಎದುರಾಗಿ ಈಜಿ ನದಿಗೆ ಬಂದರೆ ಅದೇ ಮೀನು ಪುಲಸ, ಬೆಲೆ ಸಾವಿರಗಳಲ್ಲಿ. ತಾಳಿ ಮಾರಿಯಾದರೂ ಪುಲಸ ತಿನ್ನಬೇಕು ಅಂತ ಇಲ್ಲಿ ಗಾದೆ. ಈಗ ಹೇಳಿ, ಅದು ಯಾರ ಮೀನು?

ಶಿವಣ್ಣ: ನದಿಗೆ ಬಂದ ಮೇಲೆ ರುಚಿ ಬಂತು ಅಂದೆಯಲ್ಲ. ನಮ್ಮದು.

ಹರೀಶ: ಕಡಲಲ್ಲಿ ಉಂಡು ಕೊಬ್ಬಿ ಬಂತು. ನಮ್ಮದು.

ವಾಣಿ: ತಾಳಿ ಮಾರಿ??

ಮೂರ್ತಿ: ಮುಳ್ಳು ಮಾತ್ರ ವಿಪರೀತ. ಮಾತಾಡುತ್ತಾ ತಿನ್ನುವ ಹಾಗಿಲ್ಲ.

ಸುನೀತಾ: ಮೂರ್ತಿ ಈಗ ಹೇಳಿದ್ದೇ ನಿಜವಾದ ವಿಷಯ. ರವಿಯ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಂಜಲ್, ಮಾಂಜಿ, ಸಾಲ್ಮನ್, ಟ್ಯೂನಾ. ಹೆಚ್ಚಿನವಕ್ಕೆ ಸಣ್ಣ ಮುಳ್ಳಿನ ಕಾಟವಿಲ್ಲ. ಬೆಲೆಯೂ ಜೋರು. ಬೂತಾಯಿ ಇಲ್ಲ, ಹಿಲ್ಸಾ ಇಲ್ಲ. ರೋಹು, ಕಾಟ್ಲಾ ಕೊನೆಯಲ್ಲಿ, ಯಾಕೆಂದರೆ ಅವುಗಳ ಮಾಂಸದೊಳಗೆ ಕವಲು ಮುಳ್ಳು. ಇದು ರುಚಿಯ ಪಟ್ಟಿ ಅಲ್ಲವೇ ಅಲ್ಲ. ಮುಳ್ಳು ಬಿಡಿಸಲು ಬಾರದವರ ಪಟ್ಟಿ.

ಶಿವಣ್ಣ: ನೂರಕ್ಕೆ ನೂರು!

ಸುನೀತಾ: ನಮ್ಮ ಕಡೆ ಅಂಜಲ್‌ಗೆ ಇಸ್ವಾಣ ಅನ್ನುತ್ತೇವೆ. ಮದುವೆ ಊಟಕ್ಕೆ, ನೆಂಟರಿಗೆ ಅದೇ ಬೇಕು. ದಪ್ಪ ಹೋಳು, ನಡುವೆ ಒಂದೇ ಮುಳ್ಳು, ಮಕ್ಕಳಿಗೂ ಕೊಡಬಹುದು. ಆದರೆ ಮಸಾಲೆ ತೆಗೆದು ತಿಂದು ನೋಡಿ. ಒಣ ಮಾಂಸ. ರುಚಿ ಇರುವುದು ಎಣ್ಣೆಯಲ್ಲಿ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಬೂತಾಯಿಯ ಮೈತುಂಬ ಕೊಬ್ಬು. ನಾವು ತಾರ್ಲೆ ಅನ್ನುತ್ತೇವೆ. ಬಾಣಲೆಗೆ ಹಾಕಿದರೆ ತನ್ನೆಣ್ಣೆಯಲ್ಲೇ ಬೇಯುತ್ತದೆ. ಬಂಗುಡೆಗೆ ನಾಲಗೆ ಜುಮ್ಮೆನ್ನಿಸುವ ಹಸಿ ಜುಮ್ಮನಕಾಯಿ ಜಜ್ಜಿ ಹಾಕಿ ಸಾರು ಮಾಡಿದರೆ ಇಸ್ವಾಣ ಯಾರಿಗೆ ಬೇಕು?

ಹರೀಶ: ಅಂಜಲ್ ಒಣ ಮಾಂಸ ಅಂದವಳನ್ನು ಕರಾವಳಿಯಿಂದ ಗಡೀಪಾರು ಮಾಡಬೇಕು.

ಸುನೀತಾ: ಮಾಡು. ಪಟ್ಟಿಯಲ್ಲಿ ಕಾಣೆ ಒಂದಕ್ಕೆ ಮಾತ್ರ ನನ್ನ ಒಪ್ಪಿಗೆ. ನಮ್ಮ ನೋಗ್ಲಿ. ಅದಕ್ಕೇ ನನ್ನ ಮೊದಲ ಸ್ಥಾನ. ಅದು ಸಿಗುವುದು ದಡದ ಮರಳಿನಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ. ಉಪ್ಪೂ ಅಲ್ಲ, ಸಿಹಿಯೂ ಅಲ್ಲ, ಆ ನೀರು. ನೀವಿಬ್ಬರೂ ಹಕ್ಕು ಸಾಧಿಸಲು ಬರಬೇಡಿ.

ರವಿ: ಇಷ್ಟೆಲ್ಲ ಓದಿ ಹಸಿವಾಯಿತು. ಇಲ್ಲಿ ಫ್ರಿಜ್‌ನಲ್ಲಿ ಹಮೂರ್ ಮೀನು ಇದೆ. ಪಟ್ಟಿಯಲ್ಲೂ ಇಲ್ಲ, ನಿಮ್ಮ ಬಾಯಲ್ಲೂ ಇಲ್ಲ. ಬರುವ ತಿಂಗಳು ಊರಿಗೆ ಬರುತ್ತೇನೆ. ಬ್ಯಾಚ್ ಸೇರೋಣ ಅಂದಿದ್ದೆವಲ್ಲ, ಮಲ್ಪೆಯಲ್ಲೇ ಇಟ್ಟುಕೊಂಡರೆ?

ಹರೀಶ: ಬನ್ನಿ ಬನ್ನಿ! ಅಂಜಲ್ ತವಾ ಫ್ರೈ, ಕಾಣೆ ರವಾ ಫ್ರೈ, ಬಂಗುಡೆ ಪುಳಿಮುಂಚಿ, ನೀರುದೋಸೆ. ಖರ್ಚು ನನ್ನದು.

ಶಿವಣ್ಣ: ಬರುವ ತಿಂಗಳು ಅಂದರೆ ಜೂನ್. ಜೂನ್ 1ರಿಂದ ಜುಲೈ 31ರವರೆಗೆ ನಿಮ್ಮ ಯಾಂತ್ರಿಕ ಬೋಟುಗಳಿಗೆ ರಜೆ ಅಲ್ವಾ? 61 ದಿನ. ಅಂಜಲ್ ಎಲ್ಲಿಂದ ತರುತ್ತೀಯ?

ಹರೀಶ: ನಾಡದೋಣಿಗೆ ನಿಷೇಧ ಇಲ್ಲ.

ಸುನೀತಾ: ನಿಷೇಧ ಇಲ್ಲ ನಿಜ. ಜೂನ್‌ನ ಅಲೆಗೆ ನಾಡದೋಣಿ ಎಷ್ಟು ದಿನ ಇಳಿಯುತ್ತದೆ ಅಂತಲೂ ಹೇಳು.

ಹರೀಶ: …ಕಡಲು ಶಾಂತ ಇದ್ದ ದಿನ.

ಶಿವಣ್ಣ: ಉಳಿದ ದಿನ ಕೋಲ್ಡ್ ಸ್ಟೋರೇಜ್. ಮಂಡ್ಯಕ್ಕೆ ಬನ್ನಿ. ಕೊರಮೀನು ಜೀವಂತ ತರುತ್ತೇನೆ. ರಾತ್ರಿಯೇ ಸಾರು ಮಾಡಿ ಇಡುತ್ತೇನೆ, ಮೀನು ಸಾರು ಮಾರನೇ ದಿನಕ್ಕೇ ರುಚಿ. ಬಿಸಿ ಮುದ್ದೆ.

ಗಿರಿ: ಜೂನ್ ಅಂದರೆ ನಮ್ಮಲ್ಲಿ…

ಸುನೀತಾ: ಗಿರಿ, ಬೇಡ.

ವಾಣಿ: ಪೋಲ್ ಹಾಕಿದ್ದೇನೆ. ಮಂಡ್ಯ / ಮಲ್ಪೆ / ಎಲ್ಲರೂ ಮೊಸರನ್ನ.

ಹರೀಶ: ಜೂನ್‌ನಲ್ಲಿ ಮಲ್ಪೆಗೆ ವೋಟು ಹಾಕಿ ಅಂದರೆ ನನಗೇ ನಾಚಿಕೆ. ಮಂಡ್ಯಕ್ಕೆ ಹಾಕಿದ್ದೇನೆ. ಆದರೆ ಅಕ್ಟೋಬರ್‌ನಲ್ಲಿ ಇನ್ನೊಂದು ಪೋಲ್ ಹಾಕಬೇಕು. ಮತ್ತೆ ಶಿವಣ್ಣ, ಆ ಸಾರಿಗೆ ತೆಂಗಿನಕಾಯಿ ಎಷ್ಟು ಹಾಕುತ್ತೀಯ?

ಶಿವಣ್ಣ: ಚೂರು.

ಹರೀಶ: ಚೂರು ಅಂದರೆ? ಗಸಿಯ ಹಾಗೆ ಗಟ್ಟಿ ಇರುವುದಿಲ್ಲವಾ?

ಶಿವಣ್ಣ: ಸಾರು ಅಂದೆ ಮಾರಾಯ. ಮುದ್ದೆ ಮುಳುಗಬೇಕು.

ಹರೀಶ: ಕಾಯಿ ನಾನೇ ತರುತ್ತೇನೆ.

ಶಿವಣ್ಣ: ತಂದರೆ ಗೇಟಿನ ಹೊರಗೆ ಇಟ್ಟು ಬಾ.